ದಂಡಿಗುಂಟ

ಕಾರವಾರದಿಂದ ಭಟ್ಕಳದ ತನಕ, ಸಮುದ್ರದ ದಂಡಿಗುಂಟ,
ಒಂಬತ್ತು ದಿನ, ಇಬ್ಬರು, ಎರಡು ಚೀಲ,
ಆರು ಸಾವಿರದ ನಾಲ್ಕುನೂರು.
ಹಿಸಾಬು ಬರೆದವಳು ಪ್ರೇಮಲಾ,
ಗ್ಯಾಸಿನ ಪುಸ್ತಕದ ಕಡೇ ಪುಟದಾಗ.

ಆಮ್ಯಾಲ ನನ್ನ ದವಡೆಹಲ್ಲು ಎದ್ದಿತು.
ರೂಟ್ ಕೆನಾಲ್ ಮಾಡಬೇಕಂದ ಬೀದರದ ಡಾಕ್ಟರ್.
ಸಮುದ್ರಕ್ಕ ಹೋಗೋ ರೊಕ್ಕ
ಕೆನಾಲಿಗೆ ಹರೀತು ನೋಡು ಅಂದಳು,
ನಕ್ಕಳು. ನನಗ ನಗಲಿಕ್ಕೆ ಬಾಯಿ ಇರಲಿಲ್ಲ.

ಉಳಿದದ್ದು ಏಳುನೂರ ಹತ್ತು.
"ನೀರು ಇದ್ದಲ್ಲಿ ದಂಡಿ ಇದ್ದೇ ಇರ್ತದ"
ಅಂತ ಚೀಲಕ್ಕ ರೊಟ್ಟಿ ತುಂಬಿದಳು,
ಖಡಕ್ ರೊಟ್ಟಿ, ಇಪ್ಪತ್ನಾಲ್ಕು, ಎಣಿಸಿ.
ಶೇಂಗಾ ಹಿಂಡಿ. ಉಪ್ಪಿನ ಪುಡಿಕೆ. ಟಾರ್ಚು.
ನಾನು ಅಂಗಡಿಯಿಂದ ಹಳೇ ಫ್ಲೆಕ್ಸ್ ಒಂದು ಸುತ್ತಿ ತಂದೆ,
ಹತ್ತು ಫೂಟು, ಗುಡಾರಕ್ಕ.

ಹಳ್ಳಿಖೇಡದ ಬಸ್ಸಿನಾಗ
ಅಕಿ ಟಿಕೇಟು ಸೊನ್ನೆ, ನಂದು ನಲವತ್ತು.
"ಅರ್ಧ ಸಮುದ್ರ ಫುಕಟ" ಅಂದಳು ಕಿಟಕಿಗೆ.

ಕಾರಂಜಾದ ಹಿನ್ನೀರು
ಶಿವರಾತ್ರಿ ಆದಮ್ಯಾಲ ಹಿಂದಕ್ಕ ಸರೀತದ.
ನಕಾಶದಾಗಿನ ಗೆರಿ ಬ್ಯಾರೆ, ಕಾಲ ಕೆಳಗಿನ ಗೆರಿ ಬ್ಯಾರೆ.
ನಾವು ನಡೆದದ್ದು ಎರಡರ ನಡುವ,
ಹೋದ ತಿಂಗಳು ಮೀನು ಆಡಿದ ಎರಿಮಣ್ಣಿನಾಗ,
ಚಪ್ಪಲಿ ಕೈಯಾಗ ಹಿಡಕೊಂಡು.
ಅಲ್ಲಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸಿದ್ದರು,
ಕಾಯಿ ಇನ್ನಾ ನಿಂಬಿಹಣ್ಣಿನಷ್ಟು.

ನೀರಿನ ನಡುವ ಬೂದಿ ಬಣ್ಣದ ಬಾತು,
ತಲಿಮ್ಯಾಲ ಎರಡು ಕರೀ ಪಟ್ಟಿ.
ಹಿಮಾಲಯ ದಾಟಿ ಬರ್ತಾವಂತ.
"ರೊಕ್ಕಿಲ್ಲ, ಚೀಲಿಲ್ಲ, ಎಷ್ಟು ದೂರ ಬಂದಾವ" ಅಂದೆ,
ಹೆಗಲು ಉಜ್ಜಿಕೊಂತ.
"ಅವಕ್ಕ ಹಲ್ಲಿಲ್ಲ" ಅಂದಳು.

ಎರಡನೇ ದಿನ ಒಂದು ಡಾಂಬರು ರಸ್ತಾ ಸಿಕ್ಕಿತು.
ಸೀದಾ ನೀರಿಗೆ ಇಳಿದಿತ್ತು,
ಮುಂದೇನದ ಅಂತ ಯಾರೂ ಹೇಳದವರಂಗ.
ಬದಿಗೆ ಕಿಲೋಮೀಟರ್ ಕಲ್ಲು. ಊರ ಹೆಸರು ಅಳಿಸಿ
ಮೂರು ಅನ್ನೋ ಅಂಕಿ ಉಳಿದಿತ್ತು.
ಪ್ರೇಮಲಾ ಸೀರಿ ಎತ್ತಿ ಕಟ್ಟಿ ಅದರಮ್ಯಾಲೇ ನಡೆದಳು,
ಮೊಣಕಾಲು ಮಟ, ನಡ ಮಟ,
ಬಸ್ಸಿಗೆ ಕಾಯೋರಂಗ ನಿಂತಳು.
ನಾನು ಕರೀಲಿಲ್ಲ.
ಬಾಳ ಹೊತ್ತಿಗೆ ತಿರುಗಿ ಬಂದು, ಸೀರಿ ಹಿಂಡಿಕೊಂತ,
"ಮೂರೇ ಕಿಲೋಮೀಟರ್ ಅಂತ" ಅಂದಳು.

ರಾತ್ರಿ ಝರೆಪ್ಪನ ಜೋಪಡಿ ಬಾಜೂಕ ಗುಡಾರ.
ಅವ ಎರಡು ಮೀನು ಕೊಟ್ಟ, ರೊಕ್ಕ ಬ್ಯಾಡ ಅಂದ,
ಮನ್ಯಾಗಿನ ರೊಟ್ಟಿ ತಿಂದು ತಿಂಗಳಾತು, ನಾಕು ಕೊಡ್ರಿ ಅಂದ.
"ಸಮುದ್ರ ನೋಡೀಯೇನು ಕಾಕಾ?"
"ಒಮ್ಮೆ, ಮುಂಬೈದಾಗ. ಆಚಿ ದಂಡಿನೇ ಕಾಣಲ್ಲ ಅದರದು.
ಎಲ್ಲಿತನಕ ಅಂತ ಬಲಿ ಬೀಸಬೇಕು?"

ಫ್ಲೆಕ್ಸಿನ ಒಳಮೈಗೆ ಯಾರದೋ ಹುಟ್ಟುಹಬ್ಬ.
ತಲೆಕೆಳಗಾಗಿ ಕೈಮುಗಿದ ಯುವನಾಯಕ
ಟಾರ್ಚಿನ ಬೆಳಕಿನಾಗ ನಮ್ಮನ್ನೇ ನೋಡ್ತಿದ್ದ.
ಪ್ರೇಮಲಾ ಬ್ಲೌಸಿನ ಪಿನ್ನು ಬಿಚ್ಚಿ
ಅವನ ಕಣ್ಣಿಗೆ ನನ್ನ ದಸ್ತಿ ಚುಚ್ಚಿದಳು.
ಟಾರ್ಚು ಆರಿಸಿದಳು.

ಮುಂಜಾನೆ ನೋಡಿದರ
ರಾತ್ರಿ ನೀರಿನ ಅಂಚಿಗೇ ನೆಟ್ಟ ಕಡ್ಡಿ
ಎರಡು ಬೆರಳು ಒಣನೆಲದಾಗ ನಿಂತಿತ್ತು.
ಸಮುದ್ರ ಆದರ ಸಂಜಿಗೆ ತಿರುಗಿ ಬರ್ತಿತ್ತು ಅಂದೆ.
ಅಕಿ ಏನೂ ಅನ್ನಲಿಲ್ಲ. ಬೊಗಸಿ ತುಂಬ ನೀರು ತಂದು
ಉಪ್ಪಿನ ಪುಡಿಕೆ ನನಗ ಬಿಚ್ಚಲಿಕ್ಕೆ ಹಚ್ಚಿ,
ಹಾಕು ಅಂದಳು, ಇನ್ನಾ ಹಾಕು,
"ಹಾಂ. ತಗೋ, ಕಾರವಾರ."
ಕುಡಿದೆ.
ಹೊಸ ಹಲ್ಲಿನ ಬಗಲಾಗ ಜುಮ್ಮಂತು.

ಐದನೇ ದಿನ ಕಾಲಾಗ ಎರಿಮಣ್ಣಿನ ಬೂಟು ಹಾಕ್ಕೊಂಡು
ಬಸ್ಸು ಹತ್ತಿದೆವು. ಉಳಿದದ್ದು ನಾನೂರ ಅರವತ್ತು,
ಚೂರುಚೂರಾದ ಮೂರು ರೊಟ್ಟಿ.
"ಎಲ್ಲಿಂದ ಬಂದ್ರಿ?" ಕಂಡಕ್ಟರ್ ಕೇಳಿದ,
ಅಕಿಗೆ ಸೊನ್ನೆ ಟಿಕೇಟು ಹರೀಲಿಕ್ಕೆ.
"ದಂಡಿಯಿಂದ" ಅಂದಳು.
"ಯಾವ ದಂಡಿ?"
ಆಗಲೇ ನಿದ್ದಿ ಹತ್ತಿತ್ತು ಅಕಿಗೆ,
ನನ್ನ ಹೆಗಲಮ್ಯಾಲ, ಬಾಯಿ ತೆರಕೊಂಡು.